ದಡದಲ್ಲಿ ಒಬ್ಬರು

ನಮ್ಮ ಯಜಮಾನರು ಈ ಕಥೆಯನ್ನು ಮದುವೆ ಮನೆಗಳಲ್ಲಿ ಹೇಳಿದ್ದಾರೆ, ರೈಲಿನಲ್ಲಿ ಹೇಳಿದ್ದಾರೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಹೇಳಲು ನೋಡಿದ್ದಾರೆ. ಅವರು ಹೇಳುವುದು ಒಂದು, ನಡೆದದ್ದು ಇನ್ನೊಂದು. ಅವರೆದುರು ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಇಲ್ಲಿ ಬರೆದಿಡುವುದಕ್ಕೆ ಅಡ್ಡಿಯೇನಿಲ್ಲ. ಅವರು ಕನ್ನಡಕ ಹುಡುಕಿ ತರುವಷ್ಟರಲ್ಲಿ ನಾನು ಪುಸ್ತಕ ಮುಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟಿರುತ್ತೇನೆ.

ನನ್ನ ಹೆಸರು ಚೂಡಾಮಣಿ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಸೊಟ್ಟ ಹೊಲಿಗೆ ಕಂಡರೆ ನನಗೆ ತಡೆಯುವುದಿಲ್ಲ, ಬಿಚ್ಚಿಬಿಡುತ್ತೇನೆ. ಧಾರೆಗೆ ಅರ್ಧ ಗಂಟೆ ಇರುವಾಗ ಮದುವಣಗಿತ್ತಿಯ ರವಿಕೆಯ ತೋಳು ಬಿಚ್ಚಿ ಕೂತವಳು ನಾನು. ಆ ಮನೆಯವರು ಇವತ್ತಿಗೂ ನಮ್ಮನ್ನು ಯಾವ ಕಾರ್ಯಕ್ಕೂ ಕರೆಯುವುದಿಲ್ಲ. ಯಜಮಾನರು ಚನ್ನಕೇಶವಯ್ಯ, ನಮ್ಮೂರಿನ ಟಾಕೀಸಿನಲ್ಲಿ ಮ್ಯಾನೇಜರಾಗಿದ್ದವರು. ದಿನಕ್ಕೆ ನಾಲ್ಕು ಆಟ, ನಾಲ್ಕಕ್ಕೂ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ನಗಿಸಿ ಒಳಗೆ ಕಳಿಸುವುದು, ಆಟ ಬಿಟ್ಟ ಮೇಲೆ ಮತ್ತೆ ನಗಿಸಿ ಹೊರಗೆ ಕಳಿಸುವುದು. ಹಿಂದೆ ಯಾವುದೋ ಸಿನಿಮಾದಲ್ಲಿ ಒಂದು ಬಿಳಿ ಹಡಗು ಬರುತ್ತಿತ್ತಂತೆ. ಆ ದೃಶ್ಯದ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಗೋಡೆಗೊರಗಿ ನಿಲ್ಲುತ್ತಿದ್ದರಂತೆ, ದಿನಕ್ಕೆ ನಾಲ್ಕು ಸಲ, ಆರು ವಾರ. ಮದುವೆಯಾದ ಮೊದಲ ತಿಂಗಳಿನಿಂದ ನಾನು ಕೇಳುತ್ತಾ ಬಂದಿರುವುದು ಒಂದೇ ಮಾತು. “ಒಂದ್ಸಲ ಹಡಗು ಹತ್ತಬೇಕು ಕಣೇ ಚೂಡಾ.”

ಮೂವತ್ತೆಂಟು ವರ್ಷದ ಮೇಲೆ ಆ ಕಾಲ ಬಂತು. ಹನ್ನೊಂದು ದಿನದ ವಿಹಾರ, ದ್ವೀಪಗಳನ್ನೆಲ್ಲ ಸುತ್ತಿಕೊಂಡು ಮತ್ತೆ ಅದೇ ರೇವಿಗೆ ವಾಪಸು. ಹಡಗು ಹೊರಡುವುದಕ್ಕೆ ಮೂರು ದಿನ ಮುಂಚೆ ಬಂದಿರಬೇಕು ಎಂದು ಟಿಕೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಊರು ನೋಡಲಿ ಅಂತ ಇರಬೇಕು ಎಂದುಕೊಂಡೆವು.

ರೈಲಿಳಿದು ಟ್ರಂಕು ಕೆಳಗಿಟ್ಟಿದ್ದೇ ತಡ, ಕೆಂಪು ಅಂಗಿಯ ಕೂಲಿಯವನು ಕೇಳಿದ. “ದಡದವರು ಆಯ್ತಾ?” ನಮ್ಮ ಕಡೆ ಊಟ ಆಯ್ತಾ ಎಂದು ಕೇಳುವ ಧಾಟಿಯಲ್ಲೇ ಕೇಳಿದ. ಟ್ರಾಮಿನ ಕಂಡಕ್ಟರೂ ಅದನ್ನೇ ಕೇಳಿದ. ನಿಂಬೆ ಶರಬತ್ತಿನವಳೂ ಕೇಳಿದಳು. ಕೊನೆಗೆ ನಾವು ಇಳಿದುಕೊಂಡ ಮನೆಯ ಯಮುನಕ್ಕ ನಮ್ಮನ್ನು ಕೂರಿಸಿ, ನೀರು ಕೊಟ್ಟು, ವಿಷಯ ಹೇಳಿದರು. ಆ ರೇವಿನಲ್ಲಿ ಹಡಗಿನ ಲಂಗರು ಏಳಬೇಕಾದರೆ, ಹಡಗಿನಲ್ಲಿರುವ ಪ್ರತಿಯೊಬ್ಬರಿಗಾಗಿಯೂ ದಡದಲ್ಲಿ ಒಬ್ಬರಾದರೂ ನೊಂದುಕೊಳ್ಳುತ್ತಿರಬೇಕು. ಒಬ್ಬರಿಗೆ ಕಡಿಮೆ ಬಿದ್ದರೂ ಲಂಗರು ತಳ ಬಿಟ್ಟು ಏಳುವುದಿಲ್ಲ. ದುಡ್ಡು ಕೊಟ್ಟು ಅಳಿಸಿದರೆ ನಡೆಯುವುದಿಲ್ಲ. ಈರುಳ್ಳಿ ಹೆಚ್ಚಿದರೂ ನಡೆಯುವುದಿಲ್ಲ.

“ಅದಕ್ಕೆ ಹ್ಯಾಗ್ರೀ ಗೊತ್ತಾಗುತ್ತೆ?” ಎಂದೆ.

“ಲಂಗರಿಗೆ ಗೊತ್ತಾಗ್ತದೆ,” ಎಂದರು ಯಮುನಕ್ಕ. ಹಾಲು ಕಾದರೆ ಉಕ್ಕುತ್ತದೆ ಎಂದಷ್ಟೇ ಸಲೀಸಾಗಿ.

ಯಜಮಾನರು ಜೋರಾಗಿ ನಕ್ಕರು. “ಅಷ್ಟೇ ತಾನೆ? ಇವಳಿಗೆ ನಾನು ನೊಂದ್ಕೋತೀನಿ, ನನಗೆ ಇವಳು ನೊಂದ್ಕೋತಾಳೆ. ಮೂವತ್ತೆಂಟು ವರ್ಷದಿಂದ ಅದೇ ತಾನೆ ಕೆಲಸ.”

“ನೀವಿಬ್ರೂ ಹಡಗಲ್ಲಿರ್ತೀರಲ್ಲ ಸಾರ್. ದಡದಲ್ಲಿ ಇರ್ಬೇಕು,” ಎಂದರು ಯಮುನಕ್ಕ. ಅವರಾದರೂ ನಮಗೆ ದಡದವರಾಗಬಹುದಿತ್ತು. ಆದರೆ ಅವರ ಬಾಗಿಲಿಗೆ ಒದ್ದೆ ಟವೆಲು ನೇತುಹಾಕಿತ್ತು. ಹಿಂದಿನ ವಾರವಷ್ಟೇ ಒಬ್ಬ ಮೇಷ್ಟರನ್ನು ಕಳಿಸಿಕೊಟ್ಟಿದ್ದರು, ಆ ನೋವು ಇನ್ನೂ ಆರಿರಲಿಲ್ಲ. ಒದ್ದೆ ಟವೆಲಿರುವ ಮನೆಯವರ ಜೊತೆ ಹೆಚ್ಚು ಸಲಿಗೆ ಬೆಳೆಸಬಾರದು ಎನ್ನುವುದು ಆ ಊರಿನ ಮರ್ಯಾದೆ. ಊಟ ಹಾಕುತ್ತಾರೆ, ಹಾಸಿಗೆ ಕೊಡುತ್ತಾರೆ, ನಿಮ್ಮ ಮಕ್ಕಳೆಷ್ಟು ಎಂದು ಮಾತ್ರ ಕೇಳುವುದಿಲ್ಲ.

ಅದೊಂದು ಊರು ನೋಡಿ! ಬೆಟ್ಟದ ಮೈತುಂಬ ಮನೆ, ಮನೆಗಳ ನಡುವೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಸಮುದ್ರ. ಬೆಳಗಾದರೆ ಮೀನಿನ ಹರಾಜಿನ ಕೂಗು, ಟ್ರಾಮಿನ ಗಂಟೆ, ಕ್ರೇನುಗಳ ಕಿರುಚಾಟ. ಬೀದಿಗೊಂದು ಬ್ಯಾಂಡು. ಮಾತ್ರೆ ಅಂಗಡಿಯ ಪಕ್ಕದಲ್ಲಿ ಗಿಳಿ ಮಾರುವವನು, ಗಿಳಿಯವನ ಪಕ್ಕದಲ್ಲಿ ಬೂಟಿಗೆ ಹಿಮ್ಮಡಿ ಹೊಡೆಯುವವನು. ನಾನು ಮೂಗಿಗೆ ಸೆರಗು ಹಿಡಿದೇ ಮೊದಲ ದಿನ ಕಳೆದೆ. ಆದರೆ ಊರಿನ ತುಂಬ ಇದ್ದ ಆ ಗಡಿಬಿಡಿ ವ್ಯಾಪಾರದ್ದಲ್ಲ. ಊರಿಗೆ ಬಂದ ಪ್ರಯಾಣಿಕರೆಲ್ಲ ಮೂರು ದಿನದಲ್ಲಿ ಯಾರಿಗಾದರೂ ಬೇಕಾದವರಾಗಲು ಓಡಾಡುತ್ತಿದ್ದರು. ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಪಾರ್ಕಿನಲ್ಲಿ ಯಾರದೋ ಮೊಮ್ಮಗಳಿಗೆ ಆನೆಯಾಗಿ ಬಗ್ಗಿದ್ದರು. ಊರಿನವರೂ ಏನು ಕಮ್ಮಿಯಿಲ್ಲ. ವಾರಕ್ಕೆ ಮೂರು ಹಡಗು ಕಳಿಸಿ ಸೋತುಹೋಗಿದ್ದ ಕ್ಷೌರಿಕ ತನ್ನ ಅಂಗಡಿಯಲ್ಲಿ ಬೋರ್ಡು ಹಾಕಿದ್ದ: ‘ಇಲ್ಲಿ ಸ್ವಂತ ವಿಷಯ ಮಾತಾಡಬಾರದು.’

ಯಜಮಾನರಿಗೆ ಅದು ನೀರಿಗೆ ಬಿಟ್ಟ ಮೀನಿನ ಪಾಡು. ಮೊದಲ ಸಂಜೆಯೊಳಗೆ ಟೀ ಅಂಗಡಿಯ ಬಾಬಣ್ಣನಿಗೆ ಗೆಳೆಯರಾದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹರಾಜು ಕಟ್ಟೆಯವರು, ಬ್ಯಾಂಡಿನವರು, ಟ್ರಾಮಿನ ಇಬ್ಬರು ಡ್ರೈವರುಗಳು, ಎಲ್ಲರೂ “ಸಾರ್ ಬಂದ್ರು, ಸಾರ್ ಬಂದ್ರು” ಎನ್ನುತ್ತಿದ್ದರು. ಅವರು ಬೀದಿಗಿಳಿದರೆ ನಗುವೂ ಜೊತೆಗೆ ಇಳಿಯುತ್ತಿತ್ತು. ಅವರಿಗೆ ದಡದವರು ಆದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಚಿಂತೆಯೆಲ್ಲ ನನ್ನದೇ.

“ನೀನು ಸ್ವಲ್ಪ ನಗ್ತಾ ಇರು ಚೂಡಾ, ಅಷ್ಟು ಮಾಡು ಸಾಕು,” ಎಂದರು ಯಜಮಾನರು.

ನಾನು ಪ್ರಯತ್ನಪಟ್ಟೆ. ಶರಬತ್ತಿನವಳ ಹತ್ತಿರ ಹೋಗಿ ನಕ್ಕೆ. ಅವಳ ರವಿಕೆಯ ಕಂಕುಳ ಹೊಲಿಗೆ ಬಿಟ್ಟಿತ್ತು. ಹೇಳಿದೆ. ಮರುದಿನ ನನ್ನನ್ನು ಕಂಡೊಡನೆ ಅವಳು ಗಾಡಿ ತಳ್ಳಿಕೊಂಡು ಆಚೆ ಬೀದಿಗೆ ಹೋದಳು. ಬ್ಯಾಂಡಿನವರ ಕೋಟಿನ ಗುಂಡಿಗಳು ಒಂದು ಮೇಲೆ ಒಂದು ಕೆಳಗೆ ಇದ್ದವು, ಅದನ್ನೂ ಹೇಳಿದೆ. ಎರಡನೆಯ ದಿನ ಟೀ ಅಂಗಡಿಯ ಹಿಂದೆ ಯಜಮಾನರು ಬಾಬಣ್ಣನ ಭುಜದ ಮೇಲೆ ಕೈಹಾಕಿ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಅವಳು ಮಾತು ಒರಟು ಕಣಯ್ಯ, ಮನಸ್ಸು ಬೆಣ್ಣೆ. ನೋಡು, ಹಡಗು ಹೊರಡೋ ಹೊತ್ತಿಗೆ ಅವಳ ಬಗ್ಗೆ ಸ್ವಲ್ಪ ಬೇಜಾರು ಮಾಡ್ಕೊ. ನನಗೋಸ್ಕರ.” ಬಾಬಣ್ಣ ತಲೆ ಕೆರೆದುಕೊಂಡು, “ಟ್ರೈ ಮಾಡ್ತೇನೆ ಸಾರ್,” ಎಂದ. ಹೆಂಡತಿಗಾಗಿ ಊರಿನವರ ಹತ್ತಿರ ದುಃಖ ಬೇಡುತ್ತಿದ್ದ ಆ ಮನುಷ್ಯನನ್ನು ಕಂಡು ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ನನ್ನೊಬ್ಬಳಿಂದ ಇವರ ಹಡಗು ನಿಲ್ಲುತ್ತದಲ್ಲ ಎಂಬ ಸಂಕಟಕ್ಕೆ ಅಂದು ಊಟ ಸೇರಲಿಲ್ಲ.

ಕಾರ್ಮಿನ್ ಬಾಯಿ ಸಿಕ್ಕಿದ್ದು ಅದೇ ಮಧ್ಯಾಹ್ನ. ಹಡಗು ನಿಲ್ಲುವ ಧಕ್ಕೆಯ ಕೊನೆಯಲ್ಲಿ ತಗಡಿನ ಮಾಡು ಹಾಕಿದ ಒಂದು ಕೊಟ್ಟಿಗೆ. ಒಳಗೆ ನನ್ನದೇ ವಯಸ್ಸಿನ ಹೆಂಗಸು ನೆಲದ ಮೇಲೆ ಕಾಲು ನೀಡಿ ಕೂತು ಮಣಭಾರದ ಹಾಯಿಬಟ್ಟೆಯನ್ನು ಹೊಲಿಯುತ್ತಿದ್ದಳು. ಅಂಗೈಗೆ ತೊಗಲಿನ ಪಟ್ಟಿ, ಕೈಯಲ್ಲಿ ಬೆರಳುದ್ದದ ಸೂಜಿ. ಹೊಲಿಗೆ ನೋಡಿದೆ. ದೇವರೇ! ಆ ಕಡೆಗೊಂದು, ಈ ಕಡೆಗೊಂದು, ಕುಡುಕನ ನಡಿಗೆ. ಅವಳು ನೀರು ಕುಡಿಯಲು ಎದ್ದು ಹೋದಳು. ನನ್ನ ಕೈ ತಡೆಯಲಿಲ್ಲ. ಚೀಲದಿಂದ ಕತ್ತರಿ ತೆಗೆದು ಒಂದು ಮಾರು ಬಿಚ್ಚಿಬಿಟ್ಟೆ.

ಅವಳು ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು. “ಎಂತ ಮಾಡಿದ್ದು ನೀವು?”

“ಸೊಟ್ಟ ಇತ್ತಮ್ಮ. ನೇರ ಹೊಲಿದು ಕೊಡ್ತೀನಿ.”

“ಸೊಟ್ಟ!” ತಂಬಿಗೆ ಕೆಳಗಿಟ್ಟಳು. “ಹಾಯಿಗೆ ನೇರ ಹೊಲೀಲಿಕ್ಕೆ ಉಂಟಾ? ಗಾಳಿ ಬಂದ್ರೆ ನೇರ ಹೊಲಿಗೆ ಪರ್‍ರ್ ಅಂತ ಒಂದೇ ಸಲಕ್ಕೆ ಹರಿತದೆ. ಓರೆ ಹೊಲಿಗೆ ಎಳೀತದೆ, ಬಿಡುದಿಲ್ಲ. ನಿಮಗೆ ಇದೆಲ್ಲ ಯಾವ ಪುಣ್ಯಾತ್ಮ ಹೇಳಿಕೊಟ್ಟದ್ದು?”

ನಾನು ಬಟ್ಟೆ ಹಿಡಿದು ಎಳೆದು ನೋಡಿದೆ. ಓರೆ ಹೊಲಿಗೆ ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಕೂಡಿಕೊಂಡಿತು. ಮೂವತ್ತೊಂದು ವರ್ಷ ಆರುನೂರು ಹುಡುಗಿಯರಿಗೆ ಸ್ಕೇಲಿನಲ್ಲಿ ಬೆರಳಗಂಟಿಗೆ ಹೊಡೆದು ನೇರ ಹೊಲಿಗೆ ಕಲಿಸಿದವಳು ನಾನು. ತಪ್ಪಾಯಿತು ಎನ್ನುವುದು ಗಂಟಲಿಗೆ ಬಂತು, ಆದರೆ ಬಾಯಿಗೆ ಬಂದದ್ದು ಬೇರೆ. “ಅದಕ್ಕೆ ಹೊಲಿಗೆಯ ನಡುವಿನ ಅಂತರವಾದ್ರೂ ಒಂದೇ ಸಮ ಇರಬಾರದಾ?”

“ಹೋಗಿ, ಹೋಗಿ,” ಎಂದಳು. ಆಮೇಲೆ, “ಹೋಗುದೆಲ್ಲಿಗೆ? ಬಿಚ್ಚಿದ್ದನ್ನು ಹೊಲಿದು ಹೋಗಿ,” ಎಂದು ಇನ್ನೊಂದು ಸೂಜಿ ಎಸೆದಳು.

ಅವತ್ತು ಸಂಜೆಯವರೆಗೆ ಹೊಲಿದೆ. ಎರಡು ಬೆರಳಿಗೆ ಚುಚ್ಚಿಕೊಂಡೆ. ಅವಳು ನನ್ನ ಹೊಲಿಗೆಯನ್ನು ಎರಡು ಸಲ ಬಿಚ್ಚಿಸಿದಳು. ಜೀವಮಾನದಲ್ಲಿ ನನ್ನ ಹೊಲಿಗೆಯನ್ನು ಬಿಚ್ಚಿಸಿದವರು ಇನ್ನೊಬ್ಬರಿಲ್ಲ. ಮೂರನೆಯ ದಿನ ಬೆಳಿಗ್ಗೆ ಯಜಮಾನರು ಊರು ಸುತ್ತಲು ಕರೆದರೂ ಹೋಗದೆ ಕೊಟ್ಟಿಗೆಗೇ ಹೋದೆ. ಜಗಳ ಹಿಂದಿನ ದಿನ ನಿಂತಲ್ಲಿಂದಲೇ ಮುಂದುವರಿಯಿತು. ದಾರಕ್ಕೆ ಮೇಣ ಹಚ್ಚುವುದು ಹೊಲಿಯುವ ಮೊದಲೋ ಆಮೇಲೋ, ಗಂಟು ಒಳಗೋ ಹೊರಗೋ, ಟೀಗೆ ಶುಂಠಿ ಬೇಕೋ ಬೇಡವೋ, ಎಲ್ಲದಕ್ಕೂ ಜಗಳ. “ನಿಮ್ಮದು ಶಾಲೆ ಹೊಲಿಗೆ, ಗೋಡೆಗೆ ತೂಗುಹಾಕ್ಲಿಕ್ಕೆ ಲಾಯಕ್ಕು,” ಎನ್ನುತ್ತಿದ್ದಳು. “ನಿನ್ನದು ಗೋಣಿಚೀಲದ ಹೊಲಿಗೆ,” ಎನ್ನುತ್ತಿದ್ದೆ. ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದೆವು. ಅದಕ್ಕೆ ಬೆಲ್ಲ ಹೆಚ್ಚಾಯಿತೆಂದು ಹೇಳಿದೆ.

ನನ್ನ ಸಮಸ್ಯೆ ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಾಗಿತ್ತು. ಅವಳಾಗಿಯೇ ಹೇಳಿದಳು. “ನನ್ನನ್ನು ಮಾತ್ರ ನಂಬಬೇಡಿ ಟೀಚರ್. ನಾನು ಯಾರಿಗೂ ದಡದವಳಾಗುದಿಲ್ಲ. ನನ್ನ ತಂಗಿ ಹೋಗುವಾಗ ಆಗಿದ್ದೆ. ಲಂಗರು ಎದ್ದಿತು. ಅವಳು ತಿರುಗಿ ಬರ್ಲಿಲ್ಲ. ಹದಿನೆಂಟು ವರ್ಷ ಆಯ್ತು.” ಹಲ್ಲಿನಲ್ಲಿ ದಾರ ಕಡಿದಳು. “ನಾನು ಬೀಳ್ಕೊಡ್ಲಿಕ್ಕೆ ಧಕ್ಕೆಗೂ ಬರುದಿಲ್ಲ.”

“ನಿನ್ನನ್ನು ಯಾರು ಕೇಳಿದರು?” ಎಂದೆ. ಕೇಳಬೇಕೆಂದೇ ಬಂದಿದ್ದೆ ಅಂದು, ಅದು ಬೇರೆ ಮಾತು.

ಸಂಜೆ ಹೊರಡುವಾಗ, ಹೊಲಿಯಲು ಅವಳು ಕೊಟ್ಟಿದ್ದ ಅಂಗೈಯ ತೊಗಲು ಪಟ್ಟಿ ಬಿಚ್ಚಿ ಕೊಟ್ಟೆ. ಅವಳು ತಲೆಯೆತ್ತಲಿಲ್ಲ. “ಹೋಗಿ ಮಾರಾಯ್ತಿ. ನಾಳೆಯಿಂದ ನನ್ನ ಕಿವಿಗಾದ್ರೂ ಸುಖ.” ಆ ಮಾತನ್ನು ನಾನು ಹಾಗೆಯೇ ನಂಬಿದೆ. ಬೇರೆಯವರ ಒರಟು ಮಾತಿನ ಒಳಗೆ ಇನ್ನೇನಾದರೂ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ನನ್ನ ಬಾಯಲ್ಲಿ ದಿನಾ ಬರುವ ಮಾತೂ ಅದೇ ಜಾತಿಯದು ಎಂಬುದೂ ನೆನಪಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಡಗು ಹತ್ತಿದೆವು. ಬಿಳಿ ಹಡಗು. ಯಜಮಾನರು ಏಣಿಯ ಕಂಬಿಯನ್ನು ಮುಟ್ಟಿ ಮುಟ್ಟಿ ನೋಡುತ್ತಾ ಹತ್ತಿದರು. ಮೇಲೆ ಗಾಳಿ ಜೋರಿತ್ತು. ಅವರ ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ, ನಾಲ್ಕು ವರ್ಷದಿಂದ. ಸ್ವೆಟರು ಹಾಕಬೇಕಾದರೆ ಎಡ ತೋಳಿಗೆ ನಾನೇ ಕೈ ತೂರಿಸಬೇಕು. ಯಾರೂ ನೋಡದ ಹಾಗೆ ಕಂಬದ ಮರೆಗೆ ಕರೆದುಕೊಂಡು ಹೋಗಿ ನಿಲ್ಲುತ್ತಾರೆ, ಸಣ್ಣ ಮಕ್ಕಳ ಹಾಗೆ. ಆಮೇಲೆ ಏನೂ ಆಗದವರಂತೆ ಆಚೆ ಬಂದು ಯಾರನ್ನಾದರೂ ನಗಿಸುತ್ತಾರೆ. ಅಂದು ಸ್ವೆಟರು ಇನ್ನೂ ಬೇಡ ಎಂದರು. ಹಸಿರು ಚೀಲದಲ್ಲಿಟ್ಟೆ.

ಕೆಳಗೆ ಧಕ್ಕೆಯಲ್ಲಿ ಜಾತ್ರೆಯಷ್ಟು ಜನ. ಅರ್ಧಕ್ಕರ್ಧ ನಮ್ಮ ಯಜಮಾನರಿಗಾಗಿಯೇ ಬಂದಿದ್ದರು. ಬಾಬಣ್ಣ ಟೀ ಕೆಟಲನ್ನೇ ಎತ್ತಿ ಆಡಿಸುತ್ತಿದ್ದ. ಬ್ಯಾಂಡಿನವರು ಬಾರಿಸುತ್ತಿದ್ದರು. ಟ್ರಾಮಿನವರು ಸೀಟಿ ಹೊಡೆದು “ಹೋಗ್ಬನ್ನಿ ಸಾರ್!” ಎಂದರೆ ಇವರು ಮೇಲಿನಿಂದ ಏನೋ ಅಂದರು, ಧಕ್ಕೆಯೆಲ್ಲ ಘೊಳ್ಳೆಂದು ನಕ್ಕಿತು. ನಾನು ಜನರ ನಡುವೆ ಒಂದೇ ಮುಖ ಹುಡುಕಿದೆ. ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು.

ಲಂಗರು ಎತ್ತುವ ಚಕ್ರ ತಿರುಗಿತು. ಸರಪಳಿ ಬಿಗಿಯಿತು, ಕಿರುಗುಟ್ಟಿತು, ನಿಂತಿತು. ಎರಡನೆಯ ಸಲ ತಿರುಗಿಸಿದರು. ಹಡಗು ಮುಂದಕ್ಕೆ ತುಸು ಬಾಗಿತೇ ವಿನಾ ಲಂಗರು ಅಲುಗಲಿಲ್ಲ. ಬ್ಯಾಂಡು ನಿಂತಿತು. ಹಡಗಿನ ಗಂಟೆ ಮೂರು ಸಲ ಬಾರಿಸಿ ಕಪ್ತಾನರು ಹೇಳಿದರು. “ಅನುಮಾನ ಇದ್ದವರು ಇಳಿಯಬಹುದು. ಮಿಕ್ಕವರು ಕಾಲು ನೋಡಿಕೊಳ್ಳಿ.” ಅದು ಅಲ್ಲಿಯ ಪದ್ಧತಿ. ಯಾರೂ ಯಾರ ಕಡೆಗೂ ನೋಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಹಡಗಿನಲ್ಲಿರುವವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಕಾಲು ನೋಡುತ್ತಾ ನಿಲ್ಲಬೇಕು. ಇಳಿಯುವವರು ಇಳಿಯುತ್ತಾರೆ, ಅವರ ಮುಖವನ್ನು ಯಾರೂ ಕಾಣುವುದಿಲ್ಲ.

ನೂರೈವತ್ತು ಜನ ಕಾಲು ನೋಡುತ್ತಾ ನಿಂತರು. ಯಜಮಾನರು ತಲೆ ತಗ್ಗಿಸಿಯೇ ನನ್ನ ಕೈ ಹಿಡಿದುಕೊಂಡರು. “ನೀನಲ್ಲ ಚೂಡಾ. ಬಾಬಣ್ಣ ಮಾತು ಕೊಟ್ಟಿದ್ದಾನೆ. ನೀನೇ ಆಗಿದ್ರೂ ಪರವಾಗಿಲ್ಲ, ಇಬ್ರೂ ಇಳಿಯೋಣ. ನಾನು ಹಡಗು ನೋಡಿದ ಹಾಗಾಯ್ತಲ್ಲ, ಸಾಕು.”

ಸಾಕಂತೆ! ಅವರು ಕೆಳಗೆ ನೋಡುತ್ತಿದ್ದರೂ ಬಲಗೈ ಇನ್ನೂ ಕಂಬಿಯನ್ನು ಸವರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಬಾತ್‌ರೂಮಿಗೆ ಹೋಗಿ ಬರ್ತೀನಿ. ತಲೆ ಎತ್ತಬೇಡಿ, ಪದ್ಧತಿ,” ಎಂದೆ. ಅವರು ಎತ್ತಲಿಲ್ಲ. ನಾನು ನೇರ ಏಣಿಯ ಕಡೆ ನಡೆದೆ.

ಮೂವತ್ತೆರಡು ಮೆಟ್ಟಿಲು. ಇಳಿಯುವಾಗ ನನ್ನ ಮನಸ್ಸಿನಲ್ಲಿ ದೊಡ್ಡ ವಿಚಾರವೇನೂ ಇರಲಿಲ್ಲ. ಸ್ವೆಟರು ಹಸಿರು ಚೀಲದಲ್ಲಿದೆ ಎಂದು ಹೇಳಲಿಲ್ಲವಲ್ಲ ಎಂದು ನೆನಪಾಯಿತು. ಸಂಜೆ ಚಳಿಗೆ ಆ ಎಡ ತೋಳಿಗೆ ಯಾರು ಕೈ ತೂರಿಸುತ್ತಾರೆ? ಇವರು ಯಾರನ್ನೂ ಕೇಳುವವರಲ್ಲ. ಹನ್ನೊಂದು ಸಂಜೆ. ಧಕ್ಕೆಯ ಕಲ್ಲಿನ ಮೇಲೆ ಕಾಲಿಡುವಾಗ ಎದೆಯಲ್ಲಿ ಏನೋ ಕಿತ್ತುಕೊಂಡು ಬಂದ ಹಾಗಾಯಿತು. ಅದೇ ಕ್ಷಣಕ್ಕೆ ಹಿಂದೆ ಸರಪಳಿ ಗಡಗಡನೆ ಸುತ್ತಿಕೊಂಡಿತು, ಲಂಗರು ಕೆಸರು ಸುರಿಸುತ್ತಾ ನೀರಿನಿಂದ ಮೇಲೆದ್ದಿತು. ಧಕ್ಕೆಯ ಜನ ಹೋ ಎಂದರು.

ಒಮ್ಮೆ ಎದ್ದ ಲಂಗರನ್ನು ಆ ರೇವಿನಲ್ಲಿ ಮತ್ತೆ ಇಳಿಸುವುದಿಲ್ಲ. ಯಜಮಾನರು ತಲೆಯೆತ್ತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ಕೆಳಗೆ ನೋಡಿದರು. ಕಂಬಿ ಹಿಡಿದು ನನ್ನ ಕಡೆ ಬಗ್ಗಿದರು.

“ಹೋಗಿ ಬನ್ನೀ!” ಎಂದು ಕೂಗಿದೆ. “ಸ್ವೆಟರು ಹಸಿರು ಚೀಲದಲ್ಲಿದೇ!”

ಹಡಗು ಹೊರಳಿತು. ಅದು ಕಣ್ಮರೆಯಾಗುವವರೆಗೂ ಅವರು ಅಲ್ಲೇ ನಿಂತಿದ್ದರು. ನಾನು ಒಂದು ಕಟ್ಟೆಯ ಮೇಲೆ ಕೂತು ಅತ್ತೆ. ಅವಮಾನಕ್ಕೆ ಅಂದುಕೊಂಡೆ. ಊರೆಂಬ ಊರಿನಲ್ಲಿ ಒಂದು ಜೀವಕ್ಕೂ ಬೇಡವಾದವಳು ನಾನು ಎಂದು ಅಷ್ಟು ಜನರ ಮುಂದೆ ಗೊತ್ತಾಗಿತ್ತು. ಜನ ಒಳ್ಳೆಯವರು, ನನ್ನ ಕಡೆ ನೋಡದೆ, ತಮ್ಮ ಕಾಲು ನೋಡುತ್ತಾ ಚದುರಿದರು. ಬಾಬಣ್ಣ ಬಂದು ಒಂದು ಲೋಟ ಟೀ ಪಕ್ಕದಲ್ಲಿಟ್ಟು, “ನಾನು ಟ್ರೈ ಮಾಡಿದೆ ಅಮ್ಮ, ಆಗ್ಲಿಲ್ಲ,” ಎಂದು ಹೋದ.

ಆಗ ಕೊಟ್ಟಿಗೆಯ ಬಾಗಿಲು ಧಡಾರನೆ ತೆರೆಯಿತು. ಕಾರ್ಮಿನ್ ಬಾಯಿ ಬಂದಳು. ಕಣ್ಣು ಕೆಂಡದಂತಾಗಿತ್ತು, ಮೂಗು ಸುರಿಯುತ್ತಿತ್ತು, ಕೈಯಲ್ಲಿ ಸೂಜಿ ಹಾಗೇ ಇತ್ತು. ನನ್ನನ್ನು ಕಂಡು ನಿಂತುಬಿಟ್ಟಳು.

“ನೀವು ಇಲ್ಲಿ ಎಂತ ಮಾಡುದು? ನೀವು ಇಳಿದದ್ದು ಯಾಕೆ?”

“ಲಂಗರು ಏಳಲಿಲ್ಲ,” ಎಂದೆ. “ನನಗೆ ಯಾರೂ ಇರಲಿಲ್ಲ.”

“ಯಾರೂ ಇರ್ಲಿಲ್ಲವಾ?” ಅವಳ ದನಿ ಇಡೀ ಧಕ್ಕೆಗೆ ಕೇಳಿಸಿತು. “ಬೆಳಿಗ್ಗೆ ಐದು ಗಂಟೆಯಿಂದ ಬಾಗಿಲು ಹಾಕಿ ಅಳ್ತಾ ಕೂತಿದ್ದೇನೆ ನಾನು! ಹದಿನೆಂಟು ವರ್ಷ ಒಣಗಿಸಿ ಇಟ್ಟದ್ದೆಲ್ಲ ನಿಮ್ಮಿಂದ ಹಾಳಾಯ್ತು! ನೋಡಿ, ಈ ಹಾಯಿ ನೋಡಿ, ಕಣ್ಣು ಕಾಣದೆ ಎಲ್ಲ ಸೊಟ್ಟ ಹೊಲಿದಿದ್ದೇನೆ. ನನಗೇ ಬಿಚ್ಚಬೇಕು ಅಂತ ಆಗ್ತದೆ. ನಿಮಗೆ ಯಾರೂ ಇರ್ಲಿಲ್ಲ ಅಂತೆ!”

ನಾನು ಅವಳನ್ನು ನೋಡಿದೆ. ಆ ಅಳು ಲಂಗರಿಗೆ ಸಾಲದೆ ಹೋಯಿತು ಎಂದರೆ ನಂಬುವ ಹಾಗಿರಲಿಲ್ಲ.

“ಹಾಗಾದ್ರೆ ಲಂಗರು ಯಾಕೆ ಸಿಕ್ಕಿಕೊಂಡಿತು?” ಎಂದೆ.

“ನನಗೇನು ಗೊತ್ತು? ಇನ್ಯಾರಿಗೋ ಇರ್ಲಿಲ್ಲ ಇರ್ಬೇಕು.”

“ನಾನು ಇಳಿದ ಕೂಡಲೇ ಎದ್ದಿತಲ್ಲ.”

“ಕೂಡ್ಲೆ?”

“ಕಾಲು ನೆಲಕ್ಕೆ ತಾಗಿದ ಕೂಡಲೇ.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸಮುದ್ರದ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು. ಹುಟ್ಟಿದಾಗಿನಿಂದ ಆ ರೇವಿನಲ್ಲೇ ಇದ್ದವಳು, ಅವಳಿಗೆ ನನಗಿಂತ ಮೊದಲೇ ತಿಳಿಯಿತು. ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ದನಿ ತಗ್ಗಿತು. “ಟೀಚರ್, ನಿಮ್ಮ ಯಜಮಾನರಿಗೆ ಟಾಟಾ ಮಾಡ್ಲಿಕ್ಕೆ ಬಂದವರೆಲ್ಲ ಹೇಗಿದ್ರು?”

ನಾನು ನೆನಪಿಸಿಕೊಂಡೆ. ಕೆಟಲು, ಬ್ಯಾಂಡು, ಸೀಟಿ. “ನಗ್ತಾ ಇದ್ದರು,” ಎಂದೆ.

“ಎಲ್ರೂ?”

“ಎಲ್ಲರೂ.”

ಇಡೀ ಊರನ್ನು ನಗಿಸಿದ ಆ ಮನುಷ್ಯನಿಗಾಗಿ ದಡದಲ್ಲಿ ಒಬ್ಬರೂ ನೊಂದಿರಲಿಲ್ಲ. ಅವರು ಮೂರು ದಿನ ಓಡಾಡಿದ್ದೆಲ್ಲ ನನಗೆ ಯಾರಾದರೂ ಸಿಗಲಿ ಎಂದು. ತಮಗಾಗಿ ಯಾರ ಹತ್ತಿರವೂ ಏನನ್ನೂ ಬೇಡಿರಲಿಲ್ಲ. ನಾನು ಕೆಳಗಿಳಿದೆ. ಆಗ ಅವರಿಗೆ ಒಬ್ಬರಾದರು.

ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಅವರಿಗೆ ನಾನು ಒಂದು ಮೆತ್ತಗಿನ ಮಾತು ಆಡಿದವಳಲ್ಲ. ನನಗೆ ಅವರ ಮೇಲೆ ಇಷ್ಟು ಇದೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ಹಡಗನ್ನು ಎತ್ತುವಷ್ಟು! ಕಟ್ಟೆಯ ಮೇಲೆ ಕೂತು ಇನ್ನೊಂದು ಸಲ ಅತ್ತೆ, ಈ ಸಲ ಕಾರಣ ಗೊತ್ತಿದ್ದು ಅತ್ತೆ. ಕಾರ್ಮಿನ್ ಬಾಯಿ ಸುಮ್ಮನಿರುವ ಪೈಕಿಯಲ್ಲ. “ಟೀ ತಣ್ಣಗಾಯ್ತು, ಕುಡೀರಿ,” ಎಂದು ಬೈದಳು.

ಹನ್ನೊಂದು ದಿನ ಅವಳ ಕೊಟ್ಟಿಗೆಯಲ್ಲೇ ಇದ್ದು ಹಾಯಿ ಹೊಲಿದೆ. ಓರೆ ಹೊಲಿಗೆ ಕೈಗೆ ಕೂತಿತು. ಕಲಿಸಿದವಳು ಅದನ್ನು ಇವತ್ತಿಗೂ ಒಪ್ಪಿಕೊಂಡಿಲ್ಲ, ಕಾಗದದಲ್ಲಿ ಕೂಡ.

ಹನ್ನೆರಡನೆಯ ದಿನ ಬೆಳಿಗ್ಗೆ ಬಿಳಿ ಹಡಗು ರೇವಿಗೆ ಬಂತು. ಏಣಿಯ ತುದಿಯಲ್ಲಿ ಮೊದಲು ಕಂಡವರು ಯಜಮಾನರೇ. ಸ್ವೆಟರು ಹಾಕಿಕೊಂಡಿದ್ದರು. ಬಲ ತೋಳು ಸರಿಯಾಗಿತ್ತು. ಎಡ ತೋಳು ಖಾಲಿ ಜೋತಾಡುತ್ತಿತ್ತು, ಕೈ ಸ್ವೆಟರಿನ ಒಳಗೇ ಸಿಕ್ಕಿಕೊಂಡಿತ್ತು. ಹಿಂದೆ ಬರುತ್ತಿದ್ದ ನೂರೈವತ್ತು ಜನವೂ ಅವರಿಗೆ ಗುರುತಾಗಿದ್ದರು, ಅವರು ಹೇಳಿದ್ದಕ್ಕೆಲ್ಲ ನಗುತ್ತಿದ್ದರು. ಹನ್ನೊಂದು ದಿನದಲ್ಲಿ ಅವರಲ್ಲಿ ಒಬ್ಬರನ್ನೂ ತೋಳು ಹಾಕಿಕೊಡಿ ಎಂದು ಇವರು ಕೇಳಿರಲಿಲ್ಲ.

ನಾನು ಕಂಬದ ಮರೆಗೆ ಕರೆದೊಯ್ದು ತೋಳು ಸರಿಮಾಡಿದೆ. ಅವರು ಜೇಬಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಹಡಗಿನಲ್ಲಿ ಊಟದ ಮೇಲೆ ದಿನಾ ಒಂದೊಂದು ಪೆಪ್ಪರಮೆಂಟು ಕೊಡುತ್ತಿದ್ದರಂತೆ. ಹನ್ನೊಂದೂ ಇದ್ದವು, ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

“ಹಡಗು ಹೇಗಿತ್ತು?” ಎಂದೆ.

“ಚೆನ್ನಾಗಿತ್ತು,” ಎಂದರು. ಸ್ವೆಟರಿನ ಎಡ ತೋಳು ಸವರಿ, “ಸಿನಿಮಾದಲ್ಲಿ ಇನ್ನೂ ಚೆನ್ನಾಗಿತ್ತು,” ಎಂದರು. ಆಮೇಲೆ ಕಂಬದ ಆಚೆ ಬಂದು, ಬಾಬಣ್ಣನನ್ನು ಕಂಡದ್ದೇ ತಡ, ದನಿ ಎತ್ತಿದರು. “ನೋಡಯ್ಯ, ನನ್ನ ಹೆಂಡ್ತಿ ಇಂಥಾ ಹೆಂಗಸು, ಹಡಗನ್ನೇ ನಿಲ್ಲಿಸಿಬಿಟ್ಟಳು!” ಧಕ್ಕೆಯೆಲ್ಲ ನಕ್ಕಿತು. ಕಾರ್ಮಿನ್ ಬಾಯಿ ಬಾಯಿ ತೆರೆದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದೆ. ಅವಳು ಬಾಯಿ ಮುಚ್ಚಿ ತನ್ನ ಕಾಲು ನೋಡಿಕೊಂಡಳು.

ಅಂದಿನಿಂದ ಕಥೆ ಹಾಗೆಯೇ ನಡೆದುಕೊಂಡು ಬಂದಿದೆ. ಮೊನ್ನೆ ಪಕ್ಕದ ಮನೆಯ ಸೀಮಂತದಲ್ಲಿ ಮತ್ತೆ ಹೇಳಿದರು.

“ಇಡೀ ಊರಲ್ಲಿ ಇವಳಿಗೆ ಅಳೋರು ಒಬ್ಬರಿಲ್ಲ ಅಂತೀನಿ! ಇವಳು ಇಳಿದ್ಲು ನೋಡಿ, ಹಡಗು ಹಗುರವಾಗಿ ಎದ್ದುಬಿಡ್ತು!”

ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ನನ್ನ ಕಡೆ ನೋಡಿದರು, ಬೇಜಾರಾಯಿತೇನೋ ಎಂದು. ಪ್ರತಿ ಸಲವೂ ನೋಡುತ್ತಾರೆ.

“ಆಯ್ತಾ ನಿಮ್ಮ ಪುರಾಣ? ಚಳಿ ಬೀಳ್ತಾ ಇದೆ, ಏಳಿ,” ಎಂದು ಗದರಿದೆ.

ಅವರು ಎದ್ದು ಬಾಗಿಲ ಮರೆಗೆ ಬಂದು ನಿಂತರು. ನಾನು ಸ್ವೆಟರು ಬಿಡಿಸಿ ಹಿಡಿದೆ. ಅವರು ಎಡಗೈ ಚಾಚಿದರು.